ಗಂಟಿಲ್ಲದ ಜೋಡಣೆ: ಹೆಣೆದ ಹಗ್ಗಗಳನ್ನು ಕೂಡಿಸುವ ಬಗೆ

(ಹುಲಸೂರಿನಲ್ಲಿ ನೆರೆದ ರೈತರ ಮುಂದೆ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಔಷಧಿಗಳ ವಿಷಯವಾಗಿ ನಾವು ಮೇಲಿಂದ ಮೇಲೆ ಕೂಡಿ ಮಾತಾಡುತ್ತೇವೆ. ಹಗ್ಗದ ವಿಷಯ ಮಾತಾಡುವವರು ಕಡಿಮೆ. ಹಗ್ಗ ಯಾವಾಗಲೂ ಮನೆಯಲ್ಲಿ ಬಿದ್ದಿರುವ ವಸ್ತು. ಅದು ಹರಿದ ದಿನ ಮಾತ್ರ ಅದರ ನೆನಪಾಗುತ್ತದೆ. ಬೇಸಿಗೆ ಬಂದೊಡನೆ ನಮ್ಮ ಕಡೆ ಬಾವಿಗಳ ಹೂಳು ತೆಗೆಯುವ ಕೆಲಸ ಶುರುವಾಗುತ್ತದೆ. ಒಂದು ಹಗ್ಗ ಸಾಲದಿದ್ದರೆ ಇನ್ನೊಂದನ್ನು ಗಂಟು ಹಾಕಿ ಉದ್ದ ಮಾಡುತ್ತೇವೆ. ಕೆಳಗೆ ಇಬ್ಬರು ಮೂವರು ನಿಂತಿರುತ್ತಾರೆ. ಅವರ ತಲೆಯ ಮೇಲೆ ಹೂಳು ತುಂಬಿದ ಬುಟ್ಟಿ ಏರುತ್ತಿರುತ್ತದೆ. ಆ ಹೊತ್ತಿನಲ್ಲಿ ಅವರ ಪ್ರಾಣ ನಿಂತಿರುವುದು ನಾವು ಹಾಕಿದ ಆ ಒಂದು ಗಂಟಿನ ಮೇಲೆ. ಆದುದರಿಂದ ಎರಡು ಹಗ್ಗಗಳನ್ನು, ಮುಖ್ಯವಾಗಿ ಈಗ ಮನೆ ಮನೆಗೂ ಬಂದಿರುವ ಹೆಣೆದ ಹಗ್ಗಗಳನ್ನು, ಹೇಗೆ ಕೂಡಿಸಬೇಕೆಂಬುದನ್ನು ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ.

ಲೆಕ್ಕ ಹಾಕಿ ನೋಡಿರಿ. 40 ಅಡಿ ಆಳದ ಬಾವಿಯ ಬಾಯಿಯಿಂದ ಕಳಚಿದ ಬುಟ್ಟಿ ತಳ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 55 ಕಿಲೋಮೀಟರ ವೇಗದಲ್ಲಿರುತ್ತದೆ. ರಸ್ತೆಯ ಮೇಲೆ ಓಡುವ ಮೋಟಾರು ಸೈಕಲಿನ ವೇಗ ಅದು. ಬೀಳುವುದಕ್ಕೆ ಹಿಡಿಯುವ ಕಾಲ ಎರಡು ಸೆಕೆಂಡು ಸಹ ಅಲ್ಲ. ಮೇಲಿನವರು ಕೂಗಿದರೂ ಕೆಳಗಿನವರಿಗೆ ತಪ್ಪಿಸಿಕೊಳ್ಳಲು ಆಸ್ಪದವಿಲ್ಲ. ಹೀಗಿರುವಾಗ ಎಚ್ಚರಿಕೆಯನ್ನು ಹಗ್ಗ ಕಟ್ಟುವಾಗಲೇ ವಹಿಸತಕ್ಕದ್ದು.

ಮೊದಲು, ಗಂಟು ಹಾಕಿದಲ್ಲಿ ಹಗ್ಗ ಏಕೆ ಹರಿಯುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ನೆಟ್ಟಗೆ ನಿಂತ ಹಗ್ಗದಲ್ಲಿ ಎಲ್ಲ ಎಳೆಗಳೂ ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಗಂಟಿನಲ್ಲಿ ಹಗ್ಗ ತನ್ನ ಮೈಮೇಲೆಯೇ ಮಡಿಚಿಕೊಂಡು ತಿರುಗುತ್ತದೆ. ಆ ತಿರುವಿನ ಹೊರ ಮಗ್ಗುಲಿನ ಎಳೆಗಳು ಬಿಗಿಯುತ್ತವೆ, ಒಳ ಮಗ್ಗುಲಿನವು ಸಡಿಲವಾಗುತ್ತವೆ. ಹತ್ತು ಜನ ಎತ್ತಬೇಕಾದ ತೊಲೆಯನ್ನು ಐದು ಜನ ಎತ್ತಿದಂತಾಗುತ್ತದೆ. ಮೇಲಾಗಿ ಒಂದು ಹಗ್ಗ ಇನ್ನೊಂದನ್ನು ಚಿವುಟಿ ಹಿಡಿದಿರುತ್ತದೆ. ಈ ಕಾರಣಗಳಿಂದ ಸಾಮಾನ್ಯ ಗಂಟು ಹಾಕಿದಲ್ಲಿ ಹಗ್ಗದ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. 600 ಕಿಲೋ ಭಾರಕ್ಕೆ ಹರಿಯುವ ಹಗ್ಗ ಇದೆಯೆಂದು ಇಟ್ಟುಕೊಳ್ಳಿರಿ. ಗಂಟು ಹಾಕಿದ ಮೇಲೆ ಅದು 300 ಕಿಲೋದ ಹಗ್ಗ. ಅದು ಎರಡು ಬೇಸಿಗೆಯ ಬಿಸಿಲು ಉಂಡಿದ್ದರೆ ಇನ್ನೂ ಕಡಿಮೆ. ಬುಟ್ಟಿ ಎಲ್ಲಿಯೋ ಕಲ್ಲಿಗೆ ಸಿಕ್ಕು ಥಟ್ಟನೆ ಬಿಟ್ಟರೆ, ಆ ಜಗ್ಗಿನಲ್ಲಿ ಹಗ್ಗದ ಮೇಲೆ ಬೀಳುವ ಭಾರ ಬುಟ್ಟಿಯ ತೂಕದ ಎಷ್ಟೋ ಪಟ್ಟು ಆಗುತ್ತದೆ. ಹಗ್ಗ ಹರಿದ ಮೇಲೆ ತುಂಡುಗಳನ್ನು ತೆಗೆದು ನೋಡಿರಿ. ಹೆಚ್ಚಾಗಿ ಗಂಟಿನ ಬಾಯಲ್ಲಿಯೇ ಹರಿದಿರುತ್ತದೆ.

ಹಾಗಾದರೆ ನಮ್ಮ ಹಿರಿಯರು ಗಂಟು ಹಾಕಿಯೇ ಬಾಳಲಿಲ್ಲವೇ ಎಂದು ತಾವು ಕೇಳಬಹುದು. ಕೇಳತಕ್ಕ ಮಾತೇ. ಆದರೆ ಅವರ ಹಗ್ಗ ಬೇರೆ, ನಮ್ಮ ಹಗ್ಗ ಬೇರೆ. ಅವರದು ಪುಂಡಿ ನಾರಿನ ಹಗ್ಗ, ಸಣಬಿನ ಹಗ್ಗ. ಅದರ ಮೈ ಒರಟು. ಒಂದು ಇನ್ನೊಂದನ್ನು ಕಚ್ಚಿ ಹಿಡಿಯುತ್ತಿತ್ತು. ಅದು ಹೊಸೆದ ಹಗ್ಗ, ಅಂದರೆ ಮೂರು ಹುರಿಗಳನ್ನು ಒಂದಕ್ಕೊಂದು ತಿರುಚಿದ್ದು. ಮೇಲಾಗಿ ಬಲ್ಲವರು ಮುಖ್ಯ ಕೆಲಸದ ಹಗ್ಗಕ್ಕೆ ಗಂಟು ಹಾಕುತ್ತಲೂ ಇರಲಿಲ್ಲ. ಎರಡೂ ತುದಿಗಳ ಹುರಿ ಬಿಚ್ಚಿ, ಒಂದರ ಹುರಿಯನ್ನು ಇನ್ನೊಂದರ ಸಂದಿನಲ್ಲಿ ತೂರಿಸಿ ಹೆಣೆಯುತ್ತಿದ್ದರು. ಈ ವಿದ್ಯೆ ಬಲ್ಲ ಮುದುಕರು ತಮ್ಮ ಊರಲ್ಲಿ ಇದ್ದರೆ ಅವರಿಂದ ಕಲಿತುಕೊಳ್ಳಿರಿ. ಮೂರು ಹುರಿಯ ಹೊಸೆದ ಹಗ್ಗಕ್ಕೆ ಅದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ನಾರಿನ ಹಗ್ಗಕ್ಕೆ ಪ್ರತಿ ಹುರಿಯನ್ನು ಮೂರು ಸಲ ತೂರಿಸಿದರೆ ಸಾಕು. ಪ್ಲಾಸ್ಟಿಕ್ಕಿನ ಹೊಸೆದ ಹಗ್ಗ ನುಣುಪಾದುದರಿಂದ ಐದು ಸಲ ತೂರಿಸಬೇಕು.

ಈಗ ಬಸವಕಲ್ಯಾಣ, ಹುಮನಾಬಾದ ಪೇಟೆಗಳಿಂದ ನಾವು ತರುವ ಹಗ್ಗಗಳಲ್ಲಿ ಹೆಣೆದವು ಬಹಳ. ಹೆಣ್ಣುಮಕ್ಕಳ ಜಡೆಯ ಹಾಗೆ ಎಳೆಗಳು ಒಂದರ ಮೇಲೊಂದು ಹಾದು ಹೋಗಿರುತ್ತವೆ. ಇವು ಪಾಲಿಪ್ರೊಪಿಲೀನ್ ಇಲ್ಲವೆ ನೈಲಾನ್ ಎಂಬ ವಸ್ತುಗಳಿಂದ ಆದವು. ನೈಲಾನನ್ನು 1935ರಲ್ಲಿ ಅಮೇರಿಕದಲ್ಲಿ ವ್ಯಾಲೇಸ್ ಕರೋದರ್ಸ್ ಎಂಬ ರಸಾಯನ ಪಂಡಿತರು ಮೊದಲು ತಯಾರಿಸಿದರು. ಇವೆರಡನ್ನೂ ಗುರುತಿಸುವುದು ಸುಲಭ. ಒಂದು ಚೂರನ್ನು ನೀರಿಗೆ ಹಾಕಿ ಒಳಗಿನ ಗಾಳಿ ಹೋಗುವಂತೆ ಹಿಸುಕಿರಿ. ಪಾಲಿಪ್ರೊಪಿಲೀನ್ ತೇಲುತ್ತದೆ, ನೈಲಾನ್ ಮುಳುಗುತ್ತದೆ. ನೈಲಾನ್ ಭಾರಕ್ಕೆ ಹೆಚ್ಚು ಹಿಗ್ಗುತ್ತದೆ, ನೀರಲ್ಲಿ ನೆನೆದರೆ ಅದರ ಬಲ ಸ್ವಲ್ಪ ತಗ್ಗುತ್ತದೆ. ಪಾಲಿಪ್ರೊಪಿಲೀನ್ ನೀರಿಗೆ ಅಂಜದು, ಆದರೆ ಬಿಸಿಲಿಗೆ ಸೋಲುತ್ತದೆ. ಬಿಸಿಲು ತಿಂದ ಹಗ್ಗವನ್ನು ಕೈಯಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ಅಂಥ ಹಗ್ಗವನ್ನು ಜೋಡಿಸಲು ಹೋಗಲೇಬೇಡಿರಿ, ದನದ ಕೊಟ್ಟಿಗೆಯ ಸಣ್ಣ ಪುಟ್ಟ ಕೆಲಸಕ್ಕೆ ಇಟ್ಟುಕೊಳ್ಳಿರಿ.

ಈ ಹಗ್ಗಗಳೆಲ್ಲ ನುಣುಪು. ನಾರಿನ ಹಗ್ಗದಲ್ಲಿ ನಿಂತ ಗಂಟು ಇವುಗಳಲ್ಲಿ ಜಾರುತ್ತದೆ. ಬಲ ಬಿದ್ದಾಗ ಬಿಗಿಯಾಗಿ ಕಂಡದ್ದು, ಸಡಿಲಾದಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾದರೆ ನುಣುಪಾದ ಹೆಣೆದ ಹಗ್ಗಕ್ಕೆ ಉಪಾಯವೇನು? ಇದನ್ನು ಚೆನ್ನಾಗಿ ಬಲ್ಲವರು ದೊಡ್ಡ ಮೀನು ಹಿಡಿಯುವ ಗಾಳಗಾರರು. ಬಾವಿಯ ಮಾತಿನ ನಡುವೆ ಮೀನಿನ ಮಾತು ಏಕೆಂದು ಎಣಿಸಬೇಡಿರಿ. ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ.

ನಮ್ಮ ರಾಜ್ಯದ ಕಾವೇರಿಯಲ್ಲಿ ಮಹಶೀರ್ ಎಂಬ ದೊಡ್ಡ ಮೀನು ಇದೆ. ಆ ಕಡೆಯವರು ಬಿಳಿಮೀನು ಎಂದೂ ಕರೆಯುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಆ ಸೀಮೆಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಅಂಥ ಮೀನು ಗಾಳ ಕಚ್ಚಿ ಹರಿವ ನೀರಿನಲ್ಲಿ ಓಟ ಕಿತ್ತರೆ ನೂರಾರು ಅಡಿ ದಾರ ಸುರುಳಿಯಿಂದ ಬಿಚ್ಚಿಕೊಂಡು ಹೋಗುತ್ತದೆ. ಈ ಜಾತಿಯ ಮೀನು ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಜಗತ್ತಿನ ಅತಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಅದನ್ನು ಹಿಡಿಯಿರೆಂದು ನಾನು ಹೇಳುತ್ತಿಲ್ಲ. ಹೇಳಬೇಕಾದ್ದು ದಾರದ ಮಾತು.

ಕಡಲಿನಲ್ಲಿ ಇದಕ್ಕಿಂತಲೂ ದೊಡ್ಡ ಮೀನುಗಳನ್ನು ಗಾಳದಿಂದ ಹಿಡಿಯುವವರಿದ್ದಾರೆ. ಅವರ ಸುರುಳಿಯಲ್ಲಿ ಅರ್ಧ ಕಿಲೋಮೀಟರಿಗೂ ಹೆಚ್ಚು ಹೆಣೆದ ದಾರ ಸುತ್ತಿರುತ್ತದೆ. ಮುಂದಿನ ಭಾಗ ಸವೆದಾಗ ಅದನ್ನು ಕತ್ತರಿಸಿ ಹೊಸದನ್ನು ಕೂಡಿಸಬೇಕು. ಗಂಟು ಹಾಕಿದರೆ ಎರಡು ತೊಂದರೆ. ದಾರದ ಬಲ ಅರ್ಧವಾಗುತ್ತದೆ. ಅಲ್ಲದೆ ಗಾಳದ ಕೋಲಿನ ಮೇಲೆ ಸಾಲಾಗಿ ಇರುವ ಉಂಗುರಗಳಲ್ಲಿ ಗಂಟು ಸಿಕ್ಕಿಕೊಳ್ಳುತ್ತದೆ. ನಮ್ಮ ಬಾವಿಯ ಗಡಗಡಿಯಲ್ಲಿ ಗಂಟು ಬಂದು ಕಟ್ಟೆಂದು ಜಿಗಿಯುವುದಿಲ್ಲವೇ? ಅದೇ ಕಥೆ. ಪ್ರತಿ ಜಿಗಿತವೂ ಒಂದು ಜಗ್ಗು, ಪ್ರತಿ ಜಗ್ಗೂ ಗಂಟಿನ ಆಯುಷ್ಯವನ್ನು ತಿನ್ನುತ್ತದೆ.

ಅದಕ್ಕಾಗಿ ಅವರು ಒಳಗೆ ಪೊಳ್ಳಾಗಿರುವ ಹೆಣೆದ ದಾರವನ್ನು ಬಳಸುತ್ತಾರೆ. ಒಂದು ದಾರದ ತುದಿಯನ್ನು ಇನ್ನೊಂದರ ಹೊಟ್ಟೆಯೊಳಗೆ ಉದ್ದಕ್ಕೂ ತೂರಿಸಿಬಿಡುತ್ತಾರೆ. ಗಂಟೇ ಇಲ್ಲ. ಹಾಗಾದರೆ ಅದು ನಿಲ್ಲುವುದು ಹೇಗೆ? ಪೊಳ್ಳಾಗಿ ಹೆಣೆದ ಒಂದು ಲಾಡಿಯನ್ನು ಕೈಯಲ್ಲಿ ಹಿಡಿಯಿರಿ. ಎರಡೂ ಕೈಗಳಿಂದ ನಡುವಿಗೆ ದೂಡಿದರೆ ಅದು ದಪ್ಪವಾಗಿ ಬಾಯಿ ಬಿಡುತ್ತದೆ. ಎಳೆದರೆ ಸಪೂರವಾಗಿ ಬಿಗಿಯುತ್ತದೆ. ಹೊರಗಿನ ಹೆಣಿಗೆಯನ್ನು ಎಳೆದಷ್ಟೂ ಅದು ಒಳಗಿನ ತುದಿಯನ್ನು ಹಿಸುಕಿ ಹಿಡಿಯುತ್ತದೆ. ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚು. ಎಲ್ಲಿಯೂ ಮಡಿಕೆಯಿಲ್ಲ, ಚಿವುಟುವಿಕೆಯಿಲ್ಲ. ಚೆನ್ನಾಗಿ ಮಾಡಿದರೆ ಹಗ್ಗದ ಬಲದ ಹತ್ತು ಪಾಲಿನಲ್ಲಿ ಎಂಟು ಒಂಬತ್ತು ಪಾಲು ಉಳಿಯುತ್ತದೆ.

ನಮ್ಮ ಅಂಗಡಿಗಳ ಹೆಣೆದ ಹಗ್ಗದಲ್ಲಿಯೂ ಒಳಗೆ ಪೊಳ್ಳಾದದ್ದು ಇರುತ್ತದೆ. ತುದಿಯನ್ನು ಕತ್ತರಿಸಿ ನೋಡಿರಿ. ಒಳಗೆ ಬೇರೆ ನೂಲು ತುಂಬಿಲ್ಲದೆ ಕೊಳವೆಯಂತಿದ್ದರೆ ಅದು ಪೊಳ್ಳು ಹಗ್ಗ. ಅದನ್ನು ಕೂಡಿಸುವ ಕ್ರಮ ಹೀಗಿದೆ. ಬೇಕಾಗುವ ಸಾಮಾನು ಒಂದು ಚಾಕು, ಒಂದು ದಬ್ಬಣ, ಮೇಣ ತಿಕ್ಕಿದ ಗಟ್ಟಿ ನೈಲಾನ್ ನೂಲು, ಅಂಟುಪಟ್ಟಿ, ಒಂದೆರಡು ಮೀಟರ ಸಪೂರ ಕಟ್ಟುತಂತಿ. ಎರಡೂ ಹಗ್ಗಗಳು ಒಂದೇ ಜಾತಿಯವು, ಒಂದೇ ದಪ್ಪದವು ಆಗಿರಬೇಕು.

ಒಂದನೆಯದು, ಅಳತೆ. ಹಗ್ಗದ ದಪ್ಪದ 70 ಪಟ್ಟು ಉದ್ದವನ್ನು ಒಳಗೆ ಸೇರಿಸತಕ್ಕದ್ದು. 10 ಮಿಲಿಮೀಟರ ದಪ್ಪದ ಹಗ್ಗಕ್ಕೆ 70 ಸೆಂಟಿಮೀಟರ, ಅಂದರೆ ಒಂದೂವರೆ ಮೊಳಕ್ಕಿಂತ ತುಸು ಹೆಚ್ಚು. ಎರಡೂ ಹಗ್ಗಗಳ ತುದಿಯಿಂದ ಅಷ್ಟು ದೂರಕ್ಕೆ ಒಂದೊಂದು ಗುರುತು ಮಾಡಿರಿ. ಗುರುತಿನಿಂದ ತುದಿಯವರೆಗಿನ ಭಾಗವನ್ನು ಬಾಲವೆಂದೂ, ಉಳಿದ ಉದ್ದ ಹಗ್ಗವನ್ನು ಒಡಲೆಂದೂ ಕರೆಯೋಣ.

ಎರಡನೆಯದು, ಬಾಲವನ್ನು ಸಪೂರ ಮಾಡುವುದು. ಬಾಲದ ಕೊನೆಯ ಒಂದು ಗೇಣಿನಲ್ಲಿ ಇಲ್ಲೊಂದು ಎಳೆ, ಅಲ್ಲೊಂದು ಎಳೆ ಹೊರತೆಗೆದು ಕತ್ತರಿಸಿರಿ. ತುದಿ ಇಲಿಯ ಬಾಲದಂತೆ ಕ್ರಮವಾಗಿ ಸಣ್ಣಗಾಗಬೇಕು. ಒಮ್ಮೆಗೇ ದಪ್ಪ ತುದಿ ಒಳಗೆ ನಿಂತರೆ ಅಲ್ಲಿ ಹೊರ ಹೆಣಿಗೆ ಥಟ್ಟನೆ ಮುರಿದು, ಹಗ್ಗ ಅಲ್ಲಿಯೇ ಸೋಲುತ್ತದೆ. ಅನಂತರ ತುದಿಗೆ ಅಂಟುಪಟ್ಟಿ ಸುತ್ತಿರಿ.

ಮೂರನೆಯದು, ತೂರಿಸುವುದು. ತಂತಿಯನ್ನು ಎರಡಾಗಿ ಮಡಿಚಿರಿ. ಎರಡನೆಯ ಹಗ್ಗದ ಒಡಲಿನಲ್ಲಿ, ಗುರುತಿನಿಂದ ಒಂದೂವರೆ ಮೊಳ ಆಚೆಗೆ, ಎಳೆಗಳ ಸಂದಿನಿಂದ ತಂತಿಯ ಮಡಿಕೆಯನ್ನು ಒಳಗೆ ತೂರಿಸಿ ಗುರುತಿನ ಕಡೆಗೆ ನಡೆಸಿರಿ. ಹಗ್ಗವನ್ನು ದೂಡಿ ದಪ್ಪ ಮಾಡುತ್ತ ಹೋದರೆ ತಂತಿ ಸರಾಗವಾಗಿ ಹೋಗುತ್ತದೆ. ಗುರುತಿನಲ್ಲಿ ಮಡಿಕೆಯನ್ನು ಹೊರಗೆ ತೆಗೆದು, ಮೊದಲನೆಯ ಹಗ್ಗದ ಬಾಲವನ್ನು ಅದರಲ್ಲಿ ಸಿಕ್ಕಿಸಿ, ತಂತಿಯನ್ನು ಹಿಂದಕ್ಕೆ ಎಳೆಯಿರಿ. ಬಾಲ ಒಡಲಿನೊಳಗೆ ಸಾಗಿ ಆಚೆ ತುದಿ ತೋರಿಸುತ್ತದೆ. ಇದೇ ರೀತಿ ಎರಡನೆಯ ಹಗ್ಗದ ಬಾಲವನ್ನು ಮೊದಲನೆಯ ಹಗ್ಗದ ಒಡಲಿಗೆ ಸೇರಿಸಿರಿ. ಎರಡು ಗುರುತುಗಳೂ ಒಂದಕ್ಕೊಂದು ತಾಗಿ ನಿಲ್ಲಬೇಕು.

ನಾಲ್ಕನೆಯದು, ಸವರುವುದು. ತುದಿಗಳ ಅಂಟುಪಟ್ಟಿ ಬಿಚ್ಚಿಬಿಡಿರಿ. ಗುರುತುಗಳು ಕೂಡಿದ ಜಾಗವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಎಮ್ಮೆಯ ಮೊಲೆಯಿಂದ ಹಾಲು ಹಿಂಡಿದ ಹಾಗೆ ಹೊರಗಡೆಗೆ ಸವರುತ್ತ ಹೋಗಿರಿ. ದಪ್ಪವಾಗಿದ್ದ ಹೆಣಿಗೆ ಉದ್ದವಾಗಿ, ಹೊರಗೆ ಕಾಣುತ್ತಿದ್ದ ತುದಿ ಒಳಗೆ ಮಾಯವಾಗುತ್ತದೆ. ಇನ್ನೊಂದು ಕಡೆಗೂ ಹೀಗೆಯೇ ಮಾಡಿರಿ.

ಐದನೆಯದು, ಹೊಲಿಗೆ. ಇದನ್ನು ಬಿಡಕೂಡದು. ಈ ಜೋಡಣೆ ಭಾರವಿದ್ದಾಗ ಕಚ್ಚಿ ಹಿಡಿಯುತ್ತದೆ. ಭಾರವಿಲ್ಲದೆ ಅಲುಗಾಡಿದರೆ ಮೆಲ್ಲನೆ ಜಾರಬಹುದು. ಆದುದರಿಂದ ಕೂಡಿದ ಜಾಗದ ಎರಡೂ ಮಗ್ಗುಲಲ್ಲಿ ದಬ್ಬಣದಿಂದ ಹಗ್ಗವನ್ನು ಅಡ್ಡಲಾಗಿ ಚುಚ್ಚಿ, ಎಂಟು ಹತ್ತು ಹೊಲಿಗೆ ಹಾಕಿರಿ. ಹೊಲಿಗೆ ಭಾರ ಹೊರುವುದಕ್ಕಲ್ಲ, ಜಾರದಂತೆ ಕಾಯುವುದಕ್ಕೆ.

ಆರನೆಯದು, ಪರೀಕ್ಷೆ. ಒಂದು ಕೊನೆಯನ್ನು ಗಟ್ಟಿ ಮರಕ್ಕೆ ಕಟ್ಟಿ, ಮುಂದೆ ಹೊರಬೇಕಾದ ಭಾರಕ್ಕಿಂತ ಎರಡು ಪಟ್ಟು ಬಲದಿಂದ ಮೆಲ್ಲನೆ ಎಳೆಯಿರಿ. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಹರಿದ ಹಗ್ಗ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಗುರುತುಗಳು ಒಂದರಿಂದೊಂದು ದೂರ ಸರಿಯದಿದ್ದರೆ ಜೋಡಣೆ ನಿಂತಿದೆ ಎಂದು ತಿಳಿಯಿರಿ. ಈ ಕೆಲಸದಲ್ಲಿ ಒಟ್ಟು ಸುಮಾರು ಮೂರು ಮೊಳ ಹಗ್ಗ ಕಡಿಮೆಯಾಗುತ್ತದೆ. ಮೂರು ಮೊಳ ಹಗ್ಗ ಉಳಿಸಲು ಹೋಗಿ ಮನುಷ್ಯನನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಹಗ್ಗದ ಹೊಟ್ಟೆಯಲ್ಲಿ ನೂಲು ತುಂಬಿದ್ದರೆ ಈ ಕ್ರಮ ನಡೆಯದು. ಆಗ ಗಂಟೇ ಗತಿ. ಆದರೆ ಗಂಟಿನಲ್ಲಿಯೂ ಒಳ್ಳೆಯದು ಕೆಟ್ಟದ್ದು ಇದೆ. ಎರಡು ಹಗ್ಗಗಳನ್ನು ಎದುರು ಬದುರಾಗಿ ಒಂದರ ಪಕ್ಕಕ್ಕೆ ಒಂದಿಡಿರಿ. ಒಂದರ ತುದಿಯನ್ನು ಎರಡೂ ಹಗ್ಗಗಳ ಸುತ್ತ, ತಾನು ಬಂದ ಕಡೆಗೆ ಹಿಂದಿರುಗುತ್ತ, ಎರಡು ಸುತ್ತು ಸುತ್ತಿರಿ. ಆ ಎರಡು ಸುತ್ತಿನ ಒಳಗಿಂದ ತುದಿಯನ್ನು ಮುಂದಕ್ಕೆ ತೂರಿಸಿ ಬಿಗಿಯಿರಿ. ಇನ್ನೊಂದರ ತುದಿಯನ್ನೂ ಹೀಗೆಯೇ ಮಾಡಿರಿ. ಈಗ ಎರಡೂ ಹಗ್ಗಗಳನ್ನು ಆಚೆ ಈಚೆ ಎಳೆದರೆ ಎರಡು ಗಂಟುಗಳು ಜಾರಿ ಬಂದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಮೀನುಗಾರರೂ ಬೆಟ್ಟ ಹತ್ತುವವರೂ ನಂಬಿರುವ ಗಂಟು ಇದು. 10 ಮಿಲಿಮೀಟರ ಹಗ್ಗಕ್ಕೆ ಅರ್ಧ ಗೇಣಿಗೆ ಕಡಿಮೆಯಿಲ್ಲದಂತೆ ತುದಿ ಹೊರಗೆ ಬಿಟ್ಟಿರಬೇಕು.

ಕಾರಂಜಾ ಜಲಾಶಯದ ಸುತ್ತಿನಲ್ಲಿ ಪರವಾನಗಿ ಪಡೆದು ಮೀನು ಹಿಡಿಯುವ ಬಂಧುಗಳಿಗೂ ಒಂದು ಮಾತು. 20 ಕಿಲೋ ಮೀರಿ ಬೆಳೆಯಬಲ್ಲ ಕಾಟ್ಲಾ ಮೀನಿಗೆ ಹೆಣೆದ ದಾರ ಹಾಕುವವರು ಇದೇ ಗಂಟನ್ನು ಬಳಸಬಹುದು. ದಾರ ಸಪೂರ, ಬಹಳ ನುಣುಪು. ಆದುದರಿಂದ ಎರಡು ಸುತ್ತಿನ ಬದಲು ಆರರಿಂದ ಎಂಟು ಸುತ್ತು ಬೇಕು. ಬಿಗಿಯುವ ಮೊದಲು ನೀರಿನಲ್ಲಿ ನೆನೆಸಿರಿ. ಒಣ ದಾರವನ್ನು ಜಗ್ಗಿ ಬಿಗಿದರೆ ಉಜ್ಜುವಿಕೆಯ ಕಾವಿಗೆ ಎಳೆಗಳು ಕೆಡುತ್ತವೆ.

ಇನ್ನು ಮಾಡಬಾರದ ಸಂಗತಿಗಳು. ನಾವೆಲ್ಲರೂ ಚೀಲದ ಬಾಯಿಗೆ ಹಾಕುವ ಎರಡು ಸುತ್ತಿನ ಸಾದಾ ಗಂಟು ಎರಡು ಹಗ್ಗ ಕೂಡಿಸುವುದಕ್ಕೆ ಸಲ್ಲದು. ಅಮೇರಿಕದ ಕ್ಲಿಫರ್ಡ್ ಆಶ್ಲಿ ಎಂಬವರು 3800ಕ್ಕೂ ಹೆಚ್ಚು ಗಂಟುಗಳನ್ನು ವಿವರಿಸಿ 1944ರಲ್ಲಿ ಒಂದು ಗ್ರಂಥ ಹೊರತಂದರು. ಹಗ್ಗ ಕೂಡಿಸಲು ಈ ಸಾದಾ ಗಂಟನ್ನು ಬಳಸಿದ್ದರಿಂದ ಆದಷ್ಟು ಸಾವು ನೋವು ಬೇರೆ ಯಾವ ಗಂಟಿನಿಂದಲೂ ಆಗಿಲ್ಲವೆಂಬುದು ಅವರ ಅಭಿಪ್ರಾಯ. ಒಂದು ತುದಿಯನ್ನು ಪಕ್ಕಕ್ಕೆ ಜಗ್ಗಿದರೆ ಸಾಕು, ಅದು ಕಳಚಿಕೊಳ್ಳುತ್ತದೆ. ಎರಡು ತುದಿಗಳನ್ನು ಬೆಂಕಿಗೆ ಹಿಡಿದು ಕರಗಿಸಿ ಅಂಟಿಸುವವರೂ ಇದ್ದಾರೆ. ಕರಗಿದ ಪ್ಲಾಸ್ಟಿಕ್ಕಿಗೆ ಹಗ್ಗದ ಬಲವಿಲ್ಲ. ತುದಿ ಬಿಚ್ಚದಂತೆ ಕರಗಿಸುವುದು ಸರಿ, ಕೂಡಿಸಲು ಕರಗಿಸುವುದು ತಪ್ಪು. ನೈಲಾನಿಗೆ ಪಾಲಿಪ್ರೊಪಿಲೀನ್ ಜೋಡಿಸಬೇಡಿರಿ. ಒಂದು ಹಿಗ್ಗುತ್ತದೆ, ಇನ್ನೊಂದು ಹಿಗ್ಗದು.

ಕೊಳವೆ ಬಾವಿಯ ಮೋಟಾರಿಗೆ ಕಟ್ಟುವ ಹಗ್ಗವನ್ನು ಆದಷ್ಟು ಮಟ್ಟಿಗೆ ಅಖಂಡವಾಗಿಯೇ ಕೊಳ್ಳಿರಿ. ಗಂಟಿರುವ ಹಗ್ಗ ಕೊಳವೆಯ ಅಂಚಿಗೆ ಸಿಕ್ಕಿ ಹರಿದರೆ ಸಾವಿರಾರು ರೂಪಾಯಿಯ ಮೋಟಾರು ಪಾತಾಳ ಸೇರುತ್ತದೆ. ಕೊನೆಯದಾಗಿ ಎಲ್ಲಕ್ಕಿಂತ ಮುಖ್ಯ ಮಾತು: ಮನುಷ್ಯನನ್ನು ಇಳಿಸುವ, ಏರಿಸುವ ಹಗ್ಗಕ್ಕೆ ಯಾವ ಜೋಡಣೆಯೂ ಬೇಡ. ಇಲ್ಲಿ ಹೇಳಿದ ಜೋಡಣೆಯೂ ಬೇಡ. ಅದಕ್ಕೆ ಹೊಸದಾದ ಒಂದೇ ಹಗ್ಗವಿರಲಿ, ಆ ಕೆಲಸಕ್ಕೆ ಮಾತ್ರ ಮೀಸಲಿರಲಿ.

ಇಷ್ಟೆಲ್ಲ ಯಾರಿಂದ ಆದೀತೆಂದು ಕೆಲವರು ಅನ್ನಬಹುದು. ಮೊದಲ ಸಲ ಒಂದು ತಾಸು ಹಿಡಿಯಬಹುದು. ಕೈ ಕೂಡಿದ ಮೇಲೆ ಕಾಲು ತಾಸಿನ ಕೆಲಸ. ಖರ್ಚು ನೂಲು ಮತ್ತು ತಂತಿಯದಷ್ಟೇ. ಪ್ರತಿ ಊರಿನಲ್ಲಿ ಇಬ್ಬರು ತರುಣರು ಇದನ್ನು ಕಲಿತರೆ ಊರಿನ ಹಗ್ಗಗಳೆಲ್ಲ ಸುರಕ್ಷಿತವಾಗುತ್ತವೆ. ಹೂಳು ತೆಗೆಯುವ ಮೊದಲು ಬಾವಿಯ ಒಡೆಯರೂ ಕೆಳಗೆ ಇಳಿಯುವವರೂ ಕೂಡಿ ಹಗ್ಗವನ್ನು ಮೊದಲಿನಿಂದ ಕೊನೆಯವರೆಗೆ ಕೈಯಾಡಿಸಿ ನೋಡುವ ರೂಢಿ ಬೆಳೆಯಲಿ. ಕೆಳಗೆ ಇಳಿಯುವವನಿಗೆ ಹಗ್ಗ ಸರಿಯಿಲ್ಲವೆನ್ನುವ ಹಕ್ಕು ಇರಬೇಕು. ಆ ಮಾತಿಗೆ ಮೇಲಿನವರು ಬೇಸರ ಪಡಬಾರದು.

ಸಭೆ ಮುಗಿದ ಮೇಲೆ ಹಗ್ಗ, ದಬ್ಬಣ, ತಂತಿ ಎಲ್ಲವನ್ನೂ ಇಲ್ಲಿಯೇ ಇಟ್ಟಿರುತ್ತೇನೆ. ತಮ್ಮ ತಮ್ಮ ಕೈಯಿಂದ ಒಮ್ಮೆ ಮಾಡಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕೇಳಿದ್ದು ಮರೆತುಹೋಗುತ್ತದೆ, ಕೈ ಮಾಡಿದ್ದು ಉಳಿಯುತ್ತದೆ.